ಚೆಂಡು ಮುಟ್ಟಬಹುದು, ಚಹಾ ಕಪ್ ಮುಟ್ಟುವಂತಿಲ್ಲ: ಧಾರವಾಡದಲ್ಲಿ ಹುಟ್ಟಿದ ಪಾಲ್ವಂಕರ್ ಬಾಲೂ ಕಥೆ

1906ರ ಫೆಬ್ರವರಿ. ಮುಂಬೈನ ಬಾಂಬೆ ಜಿಮ್ಖಾನಾ ಮೈದಾನ. ಗೆಲ್ಲಲು ಯುರೋಪಿಯನ್ನರ ತಂಡಕ್ಕೆ 212 ರನ್ ಬೇಕಿತ್ತು. ಎದುರಿಗಿದ್ದದ್ದು ಹಿಂದೂಗಳ ತಂಡ. ಆಳುವವರ ಮೈದಾನ, ಆಳುವವರ ಆಟ. ಸ್ಥಳೀಯರು ಗೆಲ್ಲುತ್ತಾರೆ ಎಂದು ನಂಬಿದವರು ಕಡಿಮೆ.

ಆದರೆ ಯುರೋಪಿಯನ್ನರು 102 ರನ್‌ಗೆ ಆಲೌಟ್ ಆದರು. ಹಿಂದೂ ತಂಡಕ್ಕೆ 109 ರನ್‌ಗಳ ಗೆಲುವು. ಆ ಇನಿಂಗ್ಸ್‌ನಲ್ಲಿ ಐದು, ಪಂದ್ಯದಲ್ಲಿ ಒಟ್ಟು ಎಂಟು ವಿಕೆಟ್ ಕಿತ್ತವರು ಎಡಗೈ ಸ್ಪಿನ್ನರ್ ಪಾಲ್ವಂಕರ್ ಬಾಲೂ. ರೈಲ್ವೆ ನೌಕರ. ವಯಸ್ಸು ಮೂವತ್ತರ ಆಸುಪಾಸು. ಅದಕ್ಕೆ ಕೆಲವೇ ವರ್ಷಗಳ ಹಿಂದೆ ಪುಣೆಯಲ್ಲಿ, ತಂಡದ ಉಳಿದ ಆಟಗಾರರು ಪೆವಿಲಿಯನ್ ಒಳಗೆ ಪಿಂಗಾಣಿ ಕಪ್‌ನಲ್ಲಿ ಚಹಾ ಕುಡಿಯುವಾಗ, ಇದೇ ಬಾಲೂಗೆ ಹೊರಗೆ ಮಣ್ಣಿನ ಕುಡಿಕೆಯಲ್ಲಿ ಚಹಾ ಕೊಡಲಾಗುತ್ತಿತ್ತು. ಕುಡಿದ ಮೇಲೆ ಆ ಕುಡಿಕೆಯನ್ನು ಎಸೆಯಬೇಕಿತ್ತು.

ಕಾರಣ ಒಂದೇ. ಬಾಲೂ ಹುಟ್ಟಿದ್ದು ಚರ್ಮಕಾರ ಸಮುದಾಯದಲ್ಲಿ.

ಭಾರತೀಯ ಕ್ರಿಕೆಟ್‌ನ ಮೊದಲ ದೊಡ್ಡ ಬೌಲರ್ ಯಾರು ಎಂದು ಕೇಳಿದರೆ ಇಂದಿನ ಬಹುಪಾಲು ಅಭಿಮಾನಿಗಳು ಬೇಡಿ, ಪ್ರಸನ್ನ, ಚಂದ್ರಶೇಖರ್ ಹೆಸರು ಹೇಳಿಯಾರು. ಅವರಿಗಿಂತ ಅರ್ಧ ಶತಮಾನ ಮೊದಲೇ ಇಂಗ್ಲೆಂಡ್ ನೆಲದಲ್ಲಿ ಒಂದೇ ಪ್ರವಾಸದಲ್ಲಿ ನೂರಕ್ಕೂ ಹೆಚ್ಚು ವಿಕೆಟ್ ಪಡೆದ ಆಟಗಾರನೊಬ್ಬ ಧಾರವಾಡದಲ್ಲಿ ಹುಟ್ಟಿದ್ದ ಎಂಬುದು ಕರ್ನಾಟಕದಲ್ಲೂ ಹೆಚ್ಚಿನವರಿಗೆ ಗೊತ್ತಿಲ್ಲ.

ಧಾರವಾಡದಿಂದ ಪುಣೆಗೆ

ಕ್ರಿಕೆಟ್ ದಾಖಲೆಗಳ ಪ್ರಕಾರ ಬಾಲೂ ಹುಟ್ಟಿದ್ದು 1876ರ ಮಾರ್ಚ್ 19ರಂದು. ಧಾರವಾಡ ಆಗ ಬಾಂಬೆ ಪ್ರೆಸಿಡೆನ್ಸಿಯ ಭಾಗವಾಗಿತ್ತು. ಕುಟುಂಬದ ಮೂಲ ಕೊಂಕಣದ ರತ್ನಾಗಿರಿ ಕಡೆಯದು. ಅಲ್ಲಿನ ಪಾಲ್ವಣ ಎಂಬ ಊರಿನಿಂದಲೇ ಪಾಲ್ವಂಕರ್ ಎಂಬ ಹೆಸರು ಬಂತು. ತಂದೆಯ ಕೆಲಸ ಸೇನೆಯ ಜತೆ ಬೆಸೆದುಕೊಂಡಿತ್ತು, ಹಾಗಾಗಿ ಬಾಲೂ ಬೆಳೆದದ್ದು ಪುಣೆಯಲ್ಲಿ. ಧಾರವಾಡಕ್ಕೆ ಅವರ ಮೇಲಿರುವುದು ಹುಟ್ಟೂರಿನ ಹಕ್ಕು ಮಾತ್ರ. ಅದನ್ನು ಹಿಗ್ಗಿಸಿ ಹೇಳುವ ಅಗತ್ಯವಿಲ್ಲ, ಮರೆಯುವ ಅಗತ್ಯವೂ ಇಲ್ಲ.

ಪುಣೆಯ ದಂಡು ಪ್ರದೇಶದಲ್ಲಿ ಸೇನಾಧಿಕಾರಿಗಳು ಬಳಸಿ ಬಿಟ್ಟ ಬ್ಯಾಟು, ಚೆಂಡುಗಳಲ್ಲೇ ಬಾಲೂ ಮತ್ತು ತಮ್ಮ ಶಿವರಾಮ್ ಕ್ರಿಕೆಟ್ ಕಲಿತರು. ಮನೆಯಲ್ಲಿ ನಾಲ್ವರು ಗಂಡುಮಕ್ಕಳು: ಬಾಲೂ, ಶಿವರಾಮ್, ಗಣಪತ್, ವಿಠ್ಠಲ್. ನಾಲ್ವರೂ ಮುಂದೆ ಹೆಸರು ಮಾಡಿದ ಕ್ರಿಕೆಟಿಗರಾದರು. ಆದರೆ ಶಾಲೆ ಬಿಟ್ಟ ಹಿರಿಯ ಮಗನಿಗೆ ಮೊದಲು ಸಿಕ್ಕಿದ್ದು ಆಡುವ ಅವಕಾಶವಲ್ಲ, ಮೈದಾನ ಗುಡಿಸುವ ಕೆಲಸ. ಪಾರ್ಸಿಗಳ ಕ್ಲಬ್ ಒಂದರಲ್ಲಿ ಪಿಚ್ ಗುಡಿಸಿ, ರೋಲರ್ ಎಳೆಯಲು ತಿಂಗಳಿಗೆ ಮೂರು ರೂಪಾಯಿ ಸಂಬಳ. ಆಗೊಮ್ಮೆ ಈಗೊಮ್ಮೆ ಸದಸ್ಯರಿಗೆ ಅಭ್ಯಾಸಕ್ಕೆಂದು ಚೆಂಡು ಎಸೆಯಲು ಬಿಡುತ್ತಿದ್ದರು.

1892ರ ಹೊತ್ತಿಗೆ ಬಾಲೂ ಯುರೋಪಿಯನ್ನರ ಪೂನಾ ಕ್ಲಬ್ ಸೇರಿದರು. ಸಂಬಳ ಒಂದು ರೂಪಾಯಿ ಏರಿ ನಾಲ್ಕಾಯಿತು. ಬೆಳಗ್ಗೆ ಪಿಚ್ ಸಿದ್ಧ ಮಾಡಬೇಕು, ಬಲೆ ಕಟ್ಟಬೇಕು, ಟೆನಿಸ್ ಅಂಕಣಕ್ಕೆ ಗೆರೆ ಹಾಕಬೇಕು. ಇವೆಲ್ಲದರ ನಡುವೆ ಇಂಗ್ಲಿಷ್ ಅಧಿಕಾರಿಗಳಿಗೆ ನೆಟ್ಸ್‌ನಲ್ಲಿ ಬೌಲಿಂಗ್.

ಅಲ್ಲಿಗೆ ಬರುತ್ತಿದ್ದವರಲ್ಲಿ ಜೆ.ಜಿ. ಗ್ರೆಗ್ ಎಂಬ ಸೇನಾಧಿಕಾರಿ ಪ್ರೆಸಿಡೆನ್ಸಿಯ ಅತ್ಯುತ್ತಮ ಬ್ಯಾಟ್ಸ್‌ಮನ್‌ಗಳಲ್ಲಿ ಒಬ್ಬರು. ಎಲ್ಲರಿಗಿಂತ ಮೊದಲೇ ಮೈದಾನಕ್ಕೆ ಬಂದು ಬಾಲೂ ಬೌಲಿಂಗ್ ಎದುರಿಸುತ್ತಿದ್ದರು. ತನ್ನನ್ನು ಔಟ್ ಮಾಡಿದಾಗಲೆಲ್ಲ ಎಂಟಾಣೆ ಕೊಡುತ್ತಿದ್ದರು ಎಂಬ ಮಾತು ಕ್ರಿಕೆಟ್ ವಲಯದಲ್ಲಿ ಉಳಿದುಕೊಂಡಿದೆ. ಲೆಕ್ಕ ಹಾಕಿ ನೋಡಿ: ಎಂಟು ಬಾರಿ ಗ್ರೆಗ್ ವಿಕೆಟ್ ಕಿತ್ತರೆ ಒಂದು ತಿಂಗಳ ಸಂಬಳ ಕೈಗೆ ಬಂದಂತೆ! ಹುಡುಗ ಲೈನು, ಲೆಂಗ್ತು, ಫ್ಲೈಟು ಎಲ್ಲವನ್ನೂ ಕಲಿತದ್ದು ಹೀಗೆ, ದಿನವೂ ಗಂಟೆಗಟ್ಟಲೆ ಬೌಲ್ ಮಾಡಿ. ಆದರೆ ಅಷ್ಟು ವರ್ಷಗಳಲ್ಲಿ ಯಾರೂ ಆತನ ಕೈಗೆ ಬ್ಯಾಟ್ ಕೊಡಲಿಲ್ಲ. ಬ್ಯಾಟಿಂಗ್ ದೊರೆಗಳ ಕೆಲಸ, ಬೌಲಿಂಗ್ ಆಳಿನದು ಎಂಬುದು ಅಂದಿನ ಲೆಕ್ಕಾಚಾರ.

ಕುಡಿಕೆಯ ಚಹಾ

ಪುಣೆಯ ಹಿಂದೂ ಕ್ಲಬ್‌ನವರಿಗೆ ಒಂದು ಆಸೆಯಿತ್ತು: ಪೂನಾ ಯುರೋಪಿಯನ್ನರನ್ನು ಸೋಲಿಸಬೇಕು. ಆ ಯುರೋಪಿಯನ್ನರನ್ನೇ ನೆಟ್ಸ್‌ನಲ್ಲಿ ದಿನವೂ ಔಟ್ ಮಾಡುತ್ತಿದ್ದ ಬೌಲರ್ ಊರಲ್ಲೇ ಇದ್ದ. ಆದರೆ ಆತನನ್ನು ತಂಡಕ್ಕೆ ಸೇರಿಸಿಕೊಳ್ಳುವುದು ಹೇಗೆ? ಕ್ಲಬ್‌ನಲ್ಲಿ ದೊಡ್ಡ ಚರ್ಚೆಯೇ ನಡೆಯಿತು. ತೆಲುಗು ಮಾತನಾಡುವ ಸದಸ್ಯರು ಬಾಲೂ ಪರ ನಿಂತರು. ಮೇಲ್ಜಾತಿಯ ಕೆಲವರು ಹಿಂಜರಿದರು. ಇಂಥ ಬೌಲರ್‌ನನ್ನು ಹೊರಗಿಟ್ಟರೆ ಹಿಂದೂಗಳಿಗೇ ನಷ್ಟ ಎಂದು ಗ್ರೆಗ್ ಹೇಳಿದರೆಂಬ ಮಾತೂ ಇದೆ.

ಕೊನೆಗೆ ಬಾಲೂ ತಂಡ ಸೇರಿದರು, ಷರತ್ತುಗಳ ಜತೆ. ಮೈದಾನದಲ್ಲಿ ಎಲ್ಲರೂ ಅದೇ ಚೆಂಡು ಮುಟ್ಟುತ್ತಿದ್ದರು. ಚರ್ಮದಿಂದ ಮಾಡಿದ ಚೆಂಡನ್ನು ಚರ್ಮಕಾರರ ಹುಡುಗನ ಕೈಯಿಂದ ಪಡೆಯುವುದಕ್ಕೆ ಯಾರಿಗೂ ಮೈಲಿಗೆಯಾಗಲಿಲ್ಲ. ಗೆರೆ ದಾಟಿ ಹೊರಬಂದರೆ ಮಾತ್ರ ಎಲ್ಲವೂ ಬೇರೆ. ಊಟಕ್ಕೆ ಬೇರೆ ತಟ್ಟೆ, ಬೇರೆ ಜಾಗ. ಮುಖ ತೊಳೆಯಲು ನೀರು ಬೇಕೆಂದರೆ ಅದನ್ನು ತಂದುಕೊಡಲೂ ದಲಿತ ಆಳೇ ಆಗಬೇಕು.

ಆದರೂ ವಿಕೆಟ್‌ಗಳು ಉರುಳುತ್ತಲೇ ಹೋದವು. ಪೂನಾ ಯುರೋಪಿಯನ್ನರು ಸೋತರು. ಸಾತಾರಾದಲ್ಲಿ ಬಿಳಿಯರಿಗಷ್ಟೇ ಮೀಸಲಾಗಿದ್ದ ಜಿಮ್ಖಾನಾ ವಿರುದ್ಧ ಪಂದ್ಯ ನಿಗದಿಯಾದಾಗ, ಬಾಲೂ ಸ್ಪಿನ್ ಆಗಬಾರದೆಂದು ಅಲ್ಲಿನವರು ದಿನಗಟ್ಟಲೆ ಪಿಚ್‌ಗೆ ರೋಲರ್ ಹೊಡೆಸಿದ್ದರಂತೆ. ರೋಲರ್ ಎಳೆದೇ ಬದುಕು ಆರಂಭಿಸಿದವನಿಗೆ ಪಿಚ್‌ನ ಗುಟ್ಟು ಗೊತ್ತಿರುವುದಿಲ್ಲವೇ? ಬಾಲೂ ಏಳು ವಿಕೆಟ್ ಪಡೆದರು, ಹಿಂದೂಗಳು ಗೆದ್ದರು.

ಈ ಗೆಲುವಿನ ಸುದ್ದಿ ಪುಣೆಯ ದೊಡ್ಡವರ ಗಮನ ಸೆಳೆಯಿತು. ನ್ಯಾಯಮೂರ್ತಿ ಮಹಾದೇವ ಗೋವಿಂದ ರಾನಡೆ ಸಾರ್ವಜನಿಕ ಸಭೆಯಲ್ಲಿ ಬಾಲೂ ಅವರನ್ನು ಗೌರವಿಸಿದರು. ಒಟ್ಟಿಗೆ ಆಡುವುದಾದರೆ ಒಟ್ಟಿಗೆ ಉಣ್ಣುವುದಕ್ಕೇನು ಅಡ್ಡಿ ಎಂಬ ಪ್ರಶ್ನೆಯನ್ನೂ ಮುಂದಿಟ್ಟರು. ಬಾಲಗಂಗಾಧರ ತಿಲಕರು ಇನ್ನೊಂದು ಸಭೆಯಲ್ಲಿ ಹಾರ ಹಾಕಿದರು. ಸಮಾಜ ಸುಧಾರಣೆಯ ವಿಷಯದಲ್ಲಿ ಒಬ್ಬರಿಗೊಬ್ಬರು ಎದುರಾಗಿದ್ದ ಈ ಇಬ್ಬರೂ ಒಬ್ಬ ದಲಿತ ಬೌಲರ್ ವಿಷಯದಲ್ಲಿ ಒಂದಾದರು ಎಂಬುದು ಸಣ್ಣ ಸಂಗತಿಯಲ್ಲ.

ಮುಂಬೈ ದಾರಿ

1896ರ ನಂತರದ ಪ್ಲೇಗ್ ವರ್ಷಗಳಲ್ಲಿ ಬಾಲೂ ಮುಂಬೈ ಸೇರಿದರು. ಪುಣೆಯಿಂದ ಭೋರ್ ಘಾಟ್ ಇಳಿದು ಕಲ್ಯಾಣ್, ಠಾಣೆ ಹಾದು ಮುಂಬೈಗೆ ಹೋಗುವ ರೈಲು ಮಾರ್ಗ ಆಗಲೇ ಹಳೆಯದಾಗಿತ್ತು. ಇಂದು ಡೊಂಬಿವಿಲಿ, ಕಲ್ಯಾಣ್‌ಗಳಲ್ಲಿ ನೆಲೆಸಿ ನಿತ್ಯ ಲೋಕಲ್ ಹಿಡಿಯುವ ಸಾವಿರಾರು ಕನ್ನಡಿಗರು ಓಡಾಡುವುದು ಇದೇ ಹಳಿಯ ಮೇಲೆ. ಊರು ಬಿಟ್ಟು ಕೆಲಸ ಹುಡುಕಿ ಬಂದವರಿಗೆ ಮುಂಬೈ ಆಗಲೂ ಒಂದು ಉಸಿರು ಬಿಡುವ ಜಾಗವಾಗಿತ್ತು. ಬಾಲೂಗೆ ಬಾಂಬೆ, ಬರೋಡಾ ಅಂಡ್ ಸೆಂಟ್ರಲ್ ಇಂಡಿಯಾ ರೈಲ್ವೆಯಲ್ಲಿ ಕೆಲಸ ಸಿಕ್ಕಿತು. ಆ ರೈಲ್ವೆ ತಂಡಕ್ಕೂ ಆಡಿದರು, ಪರಮಾನಂದದಾಸ್ ಜೀವನದಾಸ್ ಹಿಂದೂ ಜಿಮ್ಖಾನಾ ಪರವಾಗಿಯೂ ಆಡಿದರು. ಜಿಮ್ಖಾನಾದಲ್ಲೂ ಕೆಲ ಸದಸ್ಯರ ವಿರೋಧವಿತ್ತು. ಕ್ಯಾಪ್ಟನ್ ಕೀರ್ತಿಕರ್ ಪಟ್ಟು ಹಿಡಿದ ಕಾರಣ ಬಾಗಿಲು ತೆರೆಯಿತು.

ಅಂದಿನ ಮುಂಬೈ ಕ್ರಿಕೆಟ್ ಧರ್ಮದ ಆಧಾರದಲ್ಲಿ ಹಂಚಿಹೋಗಿತ್ತು. ಮೊದಲು ಕ್ರಿಕೆಟ್ ಕಲಿತ ಪಾರ್ಸಿಗಳು ಮತ್ತು ಯುರೋಪಿಯನ್ನರ ನಡುವೆ 1892ರಿಂದ ಪ್ರೆಸಿಡೆನ್ಸಿ ಪಂದ್ಯ ನಡೆಯುತ್ತಿತ್ತು. ಹಿಂದೂಗಳಿಗೆ ಆ ಅಂಗಳದಲ್ಲಿ ಜಾಗವಿರಲಿಲ್ಲ. ಪಾರ್ಸಿಗಳನ್ನು ಪಂದ್ಯಕ್ಕೆ ಕರೆದರೆ ಅವರು ಒಪ್ಪಲಿಲ್ಲ. ಬಾಂಬೆ ಜಿಮ್ಖಾನಾದ ಯುರೋಪಿಯನ್ನರು ಒಪ್ಪಿದರು. ಹೀಗೆ ಬಂದದ್ದೇ 1906ರ ಆ ಪಂದ್ಯ.

ಮೊದಲು ಬ್ಯಾಟ್ ಮಾಡಿದ ಹಿಂದೂಗಳು 242 ರನ್ ಗಳಿಸಿದರು. ಯುರೋಪಿಯನ್ನರ ಉತ್ತರ 191. ಹಿಂದೂಗಳ ಎರಡನೇ ಇನಿಂಗ್ಸ್ 160ಕ್ಕೆ ಮುಗಿಯಿತು. ಬಾಲೂ ಜತೆಗೆ ತಮ್ಮ ಶಿವರಾಮ್ ಕೂಡ ತಂಡದಲ್ಲಿದ್ದರು. ಕೊನೆಯ ಇನಿಂಗ್ಸ್‌ನಲ್ಲಿ ಏನಾಯಿತು ಎಂಬುದು ಆಗಲೇ ಹೇಳಿದ ಮಾತು. ಇಂಡಿಯನ್ ಸೋಷಿಯಲ್ ರಿಫಾರ್ಮರ್ ಪತ್ರಿಕೆ ಈ ಗೆಲುವಿನಲ್ಲಿ ಕ್ರಿಕೆಟ್‌ಗಿಂತ ದೊಡ್ಡದೊಂದನ್ನು ಕಂಡಿತು. ಚರ್ಮಕಾರ ಸಹೋದರರನ್ನು ತಂಡಕ್ಕೆ ಸೇರಿಸಿಕೊಂಡದ್ದೇ ನಿಜವಾದ ಮೈಲಿಗಲ್ಲು ಎಂಬುದು ಅದರ ವಾದವಾಗಿತ್ತು.

ಆಕಸ್ಮಿಕ ಗೆಲುವು ಎಂದುಕೊಂಡವರಿಗೆ ಮರುವರ್ಷವೇ ಉತ್ತರ ಸಿಕ್ಕಿತು. 1907ರಲ್ಲಿ ಹಿಂದೂಗಳು ಯುರೋಪಿಯನ್ನರನ್ನು 238 ರನ್‌ಗಳಿಂದ ಮಣಿಸಿದರು. ಅದೇ ವರ್ಷ ಪಾರ್ಸಿಗಳೂ ಸೇರಿ ತ್ರಿಕೋನ ಸರಣಿ ಶುರುವಾಯಿತು. 1912ರಲ್ಲಿ ಮುಸ್ಲಿಂ ತಂಡ ಬಂದು ಅದು ಕ್ವಾಡ್ರಾಂಗ್ಯುಲರ್ ಆಯಿತು.

1911ರಲ್ಲಿ ಪಟಿಯಾಲಾ ಮಹಾರಾಜ ಭೂಪಿಂದರ್ ಸಿಂಗ್ ನಾಯಕತ್ವದಲ್ಲಿ ಭಾರತೀಯ ತಂಡ ಇಂಗ್ಲೆಂಡ್ ಪ್ರವಾಸ ಕೈಗೊಂಡಿತು. ಪಾರ್ಸಿ, ಹಿಂದೂ, ಮುಸ್ಲಿಂ ಆಟಗಾರರೆಲ್ಲ ಒಂದೇ ತಂಡದಲ್ಲಿದ್ದರು. ಬೆಂಗಳೂರಿನ ಬಿ. ಜಯರಾಮ್ ಕೂಡ ಅದರಲ್ಲಿದ್ದರು. ತಂಡದ ಸಾಧನೆ ಹೇಳಿಕೊಳ್ಳುವಂಥದ್ದಲ್ಲ. 23 ಪಂದ್ಯಗಳಲ್ಲಿ ಗೆದ್ದದ್ದು ಆರು, ಸೋತದ್ದು 15. ಆದರೆ ಬಾಲೂ ಒಬ್ಬರೇ 114 ವಿಕೆಟ್ ಪಡೆದರು, ಸರಾಸರಿ 18.84. ಆಗ ಅವರಿಗೆ 35 ವರ್ಷ, ಭುಜದ ನೋವು ಬೇರೆ. ಕೇಂಬ್ರಿಜ್ ವಿಶ್ವವಿದ್ಯಾಲಯದ ವಿರುದ್ಧ ಒಂದೇ ಇನಿಂಗ್ಸ್‌ನಲ್ಲಿ 103 ರನ್‌ಗೆ ಎಂಟು ವಿಕೆಟ್ ಕಿತ್ತರು. ಲೀಸ್ಟರ್‌ಶೈರ್ ವಿರುದ್ಧದ ಗೆಲುವಿನಲ್ಲಿ 11 ವಿಕೆಟ್. ಸಾಮರ್‌ಸೆಟ್ ವಿರುದ್ಧ ಶಿವರಾಮ್ ಅಜೇಯ 113 ರನ್ ಹೊಡೆದು ಒಂದು ವಿಕೆಟ್‌ನಿಂದ ತಂಡವನ್ನು ಗೆಲ್ಲಿಸಿದರು. ಅದೇ ಜುಲೈ ಕೊನೆಯಲ್ಲಿ ಕೋಲ್ಕತ್ತಾದಲ್ಲಿ ಮೋಹನ್ ಬಗಾನ್ ಫುಟ್ಬಾಲ್ ತಂಡ ಈಸ್ಟ್ ಯಾರ್ಕ್‌ಶೈರ್ ರೆಜಿಮೆಂಟನ್ನು 2-1ರಿಂದ ಸೋಲಿಸಿ ಐಎಫ್ಎ ಶೀಲ್ಡ್ ಎತ್ತಿತ್ತು. ಬಗಾನ್ ಗೆಲುವು ಇಂದಿಗೂ ಪ್ರತಿವರ್ಷ ನೆನಪಾಗುತ್ತದೆ. ಪಾಲ್ವಂಕರ್ ಸಹೋದರರಿಗೆ ಆ ಅದೃಷ್ಟ ಇರಲಿಲ್ಲ.

ಸಿಗದ ನಾಯಕತ್ವ

ಇಂಥ ಆಟಗಾರ ತಂಡದ ನಾಯಕನಾಗಬೇಕಿತ್ತಲ್ಲವೇ? ಬಾಲೂ ತಂಡದ ಅತ್ಯಂತ ಅನುಭವಿ, ಇಂಗ್ಲೆಂಡ್‌ನಲ್ಲೂ ಮಿಂಚಿದವರು. ಆದರೂ ವರ್ಷ ವರ್ಷವೂ ನಾಯಕತ್ವ ಬೇರೆಯವರ ಪಾಲಾಯಿತು. 1913ರಲ್ಲಿ ಎಂ.ಡಿ. ಪೈ ನಾಯಕರಾದಾಗ, ಈ ಸ್ಥಾನ ಬಾಲೂಗೆ ಸಿಗಬೇಕಿತ್ತು ಎಂದು ಸ್ವತಃ ಪೈ ಅವರೇ ತಮ್ಮ ಸನ್ಮಾನ ಸಭೆಯಲ್ಲಿ ಒಪ್ಪಿಕೊಂಡರು. ಆಯ್ಕೆ ಸಮಿತಿಗೆ ಮಾತ್ರ ಅದು ಕೇಳಿಸಲಿಲ್ಲ. ಒಟ್ಟಿಗೆ ಉಣ್ಣಲು ಒಪ್ಪಿದವರಿಗೂ ಒಬ್ಬ ದಲಿತನ ಆದೇಶದಂತೆ ಫೀಲ್ಡಿಂಗ್ ಮಾಡುವುದು ಬೇರೆಯೇ ಮಾತಾಗಿತ್ತು.

1920ರ ಡಿಸೆಂಬರ್‌ನಲ್ಲಿ ವಿಷಯ ಬೀದಿಗೆ ಬಂತು. ಪೈ ಅನಾರೋಗ್ಯದಿಂದ ಮೊದಲ ಪಂದ್ಯ ತಪ್ಪಿಸಿಕೊಂಡರು. ಪುಣೆಯ ಡಿ.ಬಿ. ದೇವಧರ್ ಅವರನ್ನು ನಾಯಕರನ್ನಾಗಿ ಮಾಡಲಾಯಿತು. ಕಾಲೇಜಿನಲ್ಲಿ ಸಂಸ್ಕೃತ ಪ್ರಾಧ್ಯಾಪಕರಾಗಿದ್ದ ದೇವಧರ್ ಒಳ್ಳೆಯ ಬ್ಯಾಟ್ಸ್‌ಮನ್, ಅದರಲ್ಲಿ ಅನುಮಾನವಿಲ್ಲ. ಆದರೆ ಹಿರಿತನ ಪಾಲ್ವಂಕರ್ ಸಹೋದರರದ್ದು. ಸಾಲದೆಂಬಂತೆ ಬಾಲೂ ಅವರನ್ನು ತಂಡದಿಂದಲೇ ಕೈಬಿಡಲಾಗಿತ್ತು.

ವಿಠ್ಠಲ್ ಮತ್ತು ಶಿವರಾಮ್ ತಂಡದಿಂದ ಹೊರನಡೆದರು. ಸುಮ್ಮನೆ ಹೋಗಲಿಲ್ಲ, ಪತ್ರಿಕೆಗಳಿಗೆ ಹೇಳಿಕೆ ಕೊಟ್ಟೇ ಹೋದರು. ಜಾತಿಯ ಕಾರಣಕ್ಕೆ ತಮ್ಮನ್ನು ಹಿಂದೆ ತಳ್ಳಲಾಗುತ್ತಿದೆ ಎಂಬುದನ್ನು ಮುಚ್ಚುಮರೆಯಿಲ್ಲದೆ ತಿಳಿಸಿದರು. ಅದು ಅಸಹಕಾರ ಚಳವಳಿಯ ವರ್ಷ. ಅಸ್ಪೃಶ್ಯತೆ ತೊಲಗಬೇಕು ಎಂಬ ಮಾತು ಗಾಂಧೀಜಿಯವರ ಬಾಯಿಂದ ದೇಶವೆಲ್ಲ ಕೇಳುತ್ತಿತ್ತು. ಮುಂಬೈ ಜನ ಸಹೋದರರ ಪರ ನಿಂತರು. ಪಾರ್ಸಿಗಳ ವಿರುದ್ಧದ ಫೈನಲ್‌ಗೆ ಮುನ್ನ ಜಿಮ್ಖಾನಾ ರಾಜಿಗೆ ಬರಲೇಬೇಕಾಯಿತು. ಸಹೋದರರು ಮರಳಿದರು. ಪೈ ನಾಯಕ, ಬಾಲೂ ಉಪನಾಯಕ. ಪಂದ್ಯದ ನಡುವೆ ಪೈ ಬೇಕೆಂದೇ ಮೈದಾನ ಬಿಟ್ಟು ಹೊರಗೆ ಉಳಿದರು. ಅಷ್ಟು ಹೊತ್ತು ಬಾಲೂ ತಂಡವನ್ನು ಮುನ್ನಡೆಸಿದರು. ಎರಡು ದಶಕ ಆಡಿದ ಆಟಗಾರನಿಗೆ, 44ನೇ ವಯಸ್ಸಿನಲ್ಲಿ ಸಿಕ್ಕ ನಾಯಕತ್ವ ಅಷ್ಟೇ.

ಬಾಲೂಗೆ ಸಿಗದ್ದು ಕಿರಿಯ ತಮ್ಮನಿಗೆ ಸಿಕ್ಕಿತು. ಅದಕ್ಕೆ ಇನ್ನೂ ಮೂರು ವರ್ಷ ಬೇಕಾಯಿತು. 1922ರಲ್ಲೂ ವಿಠ್ಠಲ್ ಅವರನ್ನು ಕಡೆಗಣಿಸಲಾಗಿತ್ತು. 1923ರಲ್ಲಿ ಕೊನೆಗೂ ಅವರು ಹಿಂದೂ ತಂಡದ ನಾಯಕರಾದರು. ಫೈನಲ್‌ನಲ್ಲಿ ಎದುರಾದದ್ದು, 1906ರಲ್ಲಿ ಅಣ್ಣ ಮಣಿಸಿದ್ದ ಅದೇ ಯುರೋಪಿಯನ್ನರು. ಹಿಂದೂಗಳು ಗೆದ್ದು ಚಾಂಪಿಯನ್ನರಾದರು. ಅಣ್ಣನಿಗೆ ಕುಡಿಕೆಯಲ್ಲಿ ಚಹಾ ಕೊಟ್ಟಿದ್ದ ಸಮಾಜವೇ ಅಂದು ತಮ್ಮನಿಗೆ ಜೈಕಾರ ಹಾಕಿತು. ವಿಠ್ಠಲ್ ನಾಲ್ಕು ವರ್ಷ ನಾಯಕರಾಗಿದ್ದರು. 1923, 1925 ಮತ್ತು 1926ರಲ್ಲಿ ಹಿಂದೂಗಳು ಪ್ರಶಸ್ತಿ ಗೆದ್ದರೆ, 1924ರಲ್ಲಿ ಮುಸ್ಲಿಂ ತಂಡ ಗೆದ್ದಿತು.

ಅಂಬೇಡ್ಕರ್ ಎದುರು

ಯುವಕರಾಗಿದ್ದಾಗ ಡಾ. ಬಿ.ಆರ್. ಅಂಬೇಡ್ಕರ್ ಅವರಿಗೆ ಬಾಲೂ ಅಭಿಮಾನದ ವ್ಯಕ್ತಿ. ಬಿಳಿಯರ ಎದುರೂ ಮೇಲ್ಜಾತಿಯವರ ಎದುರೂ ತನ್ನ ಪ್ರತಿಭೆಯೊಂದರಿಂದಲೇ ನಿಂತ ದಲಿತ ಆಗ ಬಾಂಬೆ ಪ್ರಾಂತ್ಯದಲ್ಲಿ ಇನ್ನೊಬ್ಬರಿರಲಿಲ್ಲ. ಆದರೆ 1930ರ ದಶಕದಲ್ಲಿ ಇಬ್ಬರ ದಾರಿ ಬೇರೆಯಾಯಿತು. ದಲಿತರಿಗೆ ಪ್ರತ್ಯೇಕ ಮತಕ್ಷೇತ್ರ ಬೇಕೆಂಬ ಅಂಬೇಡ್ಕರ್ ನಿಲುವನ್ನು ಬಾಲೂ ಒಪ್ಪಲಿಲ್ಲ. 1932ರ ಪುಣೆ ಒಪ್ಪಂದಕ್ಕೆ ಸಹಿ ಹಾಕಿದವರಲ್ಲಿ ಬಾಲೂ ಕೂಡ ಒಬ್ಬರು. ಹಿಂದೂ ಸಮಾಜದ ಒಳಗಿದ್ದೇ ಜಾಗ ಗಿಟ್ಟಿಸಬಹುದು ಎಂದು ಅವರು ನಂಬಿದ್ದರು. ಅವರ ಕ್ರಿಕೆಟ್ ಬದುಕು ಆ ನಂಬಿಕೆಗೆ ಅರ್ಧ ಸಾಕ್ಷಿ ಕೊಡುತ್ತದೆ, ಇನ್ನರ್ಧ ಅಂಬೇಡ್ಕರ್ ವಾದಕ್ಕೇ ಪುಷ್ಟಿ ಕೊಡುತ್ತದೆ.

1933ರಲ್ಲಿ ಬಾಲೂ ಮುಂಬೈ ಮುನ್ಸಿಪಾಲಿಟಿ ಚುನಾವಣೆಗೆ ನಿಂತು ಸೋತರು. 1937ರ ಪ್ರಾಂತೀಯ ಚುನಾವಣೆಯಲ್ಲಿ ಕಾಂಗ್ರೆಸ್ ಅವರನ್ನು ಅಂಬೇಡ್ಕರ್ ವಿರುದ್ಧವೇ ಕಣಕ್ಕಿಳಿಸಿತು. ಪೈಪೋಟಿ ಜೋರಾಗಿಯೇ ನಡೆಯಿತು. ಅಂಬೇಡ್ಕರ್ 13,245 ಮತ ಪಡೆದು ಗೆದ್ದರು, ಬಾಲೂಗೆ 11,225 ಮತ ಬಂತು. ಮುಂದಿನ ದಲಿತ ರಾಜಕೀಯ ಅಂಬೇಡ್ಕರ್ ಹಿಂದೆ ನಡೆಯಿತು. ಎದುರು ನಿಂತು ಸೋತವರ ಹೆಸರನ್ನು ನೆನಪಿಡಲು ಯಾರಿಗೂ ಕಾರಣವಿರಲಿಲ್ಲ. ಬಾಲೂ ಮರೆಗೆ ಸರಿಯಲು ಇದೂ ಒಂದು ಕಾರಣ. ಭಾರತ ಮೊದಲ ಟೆಸ್ಟ್ ಆಡಿದ್ದು 1932ರಲ್ಲಿ, ಆಗ ಬಾಲೂಗೆ 56 ವರ್ಷ. ಟೆಸ್ಟ್ ಕ್ಯಾಪ್ ಇಲ್ಲದವರಿಗೆ ನಮ್ಮ ಕ್ರಿಕೆಟ್ ಅಂಕಿಅಂಶಗಳ ಲೋಕದಲ್ಲಿ ಮೂಲೆಯೇ ಗತಿ. 33 ಪ್ರಥಮ ದರ್ಜೆ ಪಂದ್ಯಗಳಲ್ಲಿ 179 ವಿಕೆಟ್, ಸರಾಸರಿ 15.21. ದಾಖಲೆ ಪುಸ್ತಕದಲ್ಲಿ ಅವರ ಪಾಲಿಗೆ ಉಳಿದಿರುವುದು ಈ ಒಂದು ಸಾಲು.

ಬಾಲೂ ತಮ್ಮ ಬಗ್ಗೆ ಏನನ್ನೂ ಬರೆದಿಡಲಿಲ್ಲ. ತಮ್ಮ ವಿಠ್ಠಲ್ 1948ರಲ್ಲಿ ಮರಾಠಿಯಲ್ಲಿ ಆತ್ಮಕಥೆ ಪ್ರಕಟಿಸಿದರು. ಅರ್ಧ ಶತಮಾನದ ಬಳಿಕ ಬೆಂಗಳೂರಿನಲ್ಲಿ ನೆಲೆಸಿರುವ ಇತಿಹಾಸಕಾರ ರಾಮಚಂದ್ರ ಗುಹಾ ಆ ಪುಸ್ತಕವನ್ನೂ ಹಳೆಯ ಪತ್ರಿಕೆಗಳನ್ನೂ ಹುಡುಕಿ, 2002ರಲ್ಲಿ ಬಂದ ತಮ್ಮ ಕ್ರಿಕೆಟ್ ಇತಿಹಾಸದಲ್ಲಿ ಪಾಲ್ವಂಕರ್ ಸಹೋದರರಿಗೆ ದೊಡ್ಡ ಜಾಗ ಕೊಟ್ಟರು. ಇಂದು ಬಾಲೂ ಬಗ್ಗೆ ನಮಗೆ ಗೊತ್ತಿರುವುದರಲ್ಲಿ ಬಹುಪಾಲು ಅಲ್ಲಿಂದಲೇ ಬಂದದ್ದು.

1955ರ ಜುಲೈ 4ರಂದು ಬಾಲೂ ಮುಂಬೈನಲ್ಲಿ ಕೊನೆಯುಸಿರೆಳೆದರು. ಸಾಂತಾಕ್ರೂಜ್ ಸ್ಮಶಾನದಲ್ಲಿ ನಡೆದ ಅಂತ್ಯಸಂಸ್ಕಾರಕ್ಕೆ ಕ್ರಿಕೆಟಿಗರೂ ಬಂದಿದ್ದರು, ದಲಿತ ಮುಖಂಡರೂ ಬಂದಿದ್ದರು.